ಮಕ್ಕಳು ಹೊರಗೆ ಆಡಲಿ: ಬೆಂಗಳೂರಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮದು ಬನಶಂಕರಿ ಕಡೆಯ ಬಾಡಿಗೆ ಮನೆ. 30-40 ಸೈಟು, ಮೂರು ಮಹಡಿ, ಎರಡನೇ ಮಹಡಿಯಲ್ಲಿ ನಾವು. ಗೇಟು ತೆಗೆದರೆ ರಸ್ತೆ. ರಸ್ತೆಯ ಎರಡೂ ಬದಿ ಕಾರು. ಮಗಳಿಗೆ ಆರು ತುಂಬುವವರೆಗೂ ಅವಳ ಆಟವೆಲ್ಲ ಹಾಲು, ರೂಮು, ಬಾಲ್ಕನಿ ಇಷ್ಟರಲ್ಲೇ ಮುಗಿಯುತ್ತಿತ್ತು. ವಾರಕ್ಕೆ ಎರಡು ದಿನ ಸ್ಕೇಟಿಂಗ್ ಕ್ಲಾಸಿಗೆ ಹಾಕಿದ್ದೆವು. ಅದೇ ಆಟ ಅಂದುಕೊಂಡಿದ್ದೆವು. ಒಂದು ಸಂಜೆ ಕ್ಲಾಸು ಇರಲಿಲ್ಲ ಅಂತ ಪಾರ್ಕಿಗೆ ಕರೆದುಕೊಂಡು ಹೋದೆ. ಅವಳು ಜಾರುಬಂಡೆ ಪಕ್ಕ ನಿಂತು, ನನ್ನ ದುಪಟ್ಟಾದ ತುದಿ ಹಿಡಿದುಕೊಂಡು ಕೇಳಿದಳು: "ಅಮ್ಮಾ, ಇಲ್ಲಿ ಮಿಸ್ ಯಾರು?"

ಆ ಪ್ರಶ್ನೆ ಕೇಳಿ ಮೊದಲು ನಗು ಬಂತು. ಮನೆಗೆ ಬಂದಮೇಲೆ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು. ಯಾರಾದರೂ ಹೇಳಿಕೊಟ್ಟರೆ ಮಾತ್ರ ಆಡಬೇಕು ಅಂತ ಮಗು ತಿಳಿದುಕೊಂಡಿತ್ತು. ಅದು ಅವಳ ತಪ್ಪಲ್ಲ ಅಲ್ವಾ?

ಅದಾಗಿ ಎರಡು ವರ್ಷ ಕಳೆದಿದೆ. ಈಗ ಸಂಜೆ ಅವಳನ್ನು ಮನೆಗೆ ಕರೆತರುವುದೇ ದೊಡ್ಡ ಕೆಲಸ. ಈ ಎರಡು ವರ್ಷದಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಮಗುವಿಗೆ ಆಟ ಕಲಿಸಬೇಕಾಗಿಲ್ಲ. ಹೊತ್ತು, ಜಾಗ, ಜೊತೆ ಈ ಮೂರನ್ನು ಹೊಂದಿಸಿಕೊಟ್ಟು ನಾವು ಪಕ್ಕಕ್ಕೆ ಸರಿದರೆ ಸಾಕು. ಬೆಂಗಳೂರಿನಲ್ಲಿ ಈ ಮೂರನ್ನು ಹೊಂದಿಸುವುದೇ ಕಷ್ಟ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಮನೆಯವರನ್ನು ಒಪ್ಪಿಸಿ

"ಹೊರಗೆ ಧೂಳು, ಗಾಡಿ, ನಾಯಿ. ಮನೆಯಲ್ಲೇ ಆಡಲಿ ಬಿಡಿ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಹೇಳಲು ಗಟ್ಟಿ ಕಾರಣ ಬೇಕು. ನನ್ನ ಅತ್ತೆಯನ್ನು ಒಪ್ಪಿಸಿದ್ದು ಕಣ್ಣಿನ ವಿಷಯ.

ಚಿಕ್ಕ ಮಕ್ಕಳಿಗೆ ಮೈನಸ್ ಪವರ್ ಬರುವುದು ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆಯುವುದರಿಂದ. ಹೊರಗಿನ ಜೋರು ಬೆಳಕು ಬಿದ್ದಾಗ ಕಣ್ಣಿನ ಹಿಂಪರದೆಯಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಜಾಸ್ತಿ ಬಿಡುಗಡೆಯಾಗುತ್ತದೆ, ಅದು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಅನ್ನುವುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧ ಶಾಲೆಗಳಲ್ಲಿ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟಿದ್ದರು. ಆ ಮಕ್ಕಳಲ್ಲಿ 30.4 ಶೇಕಡಾ ಮಂದಿಗೆ ಮೈನಸ್ ಪವರ್ ಬಂತು. ಉಳಿದ ಶಾಲೆಗಳಲ್ಲಿ 39.5 ಶೇಕಡಾ. ಬರೀ 40 ನಿಮಿಷಕ್ಕೆ ಇಷ್ಟು ವ್ಯತ್ಯಾಸ. ತೈವಾನಿನ ಶಾಲೆಗಳು 2010ರಿಂದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಇರಿಸಲು ಶುರು ಮಾಡಿದ್ದೂ ಇದೇ ಕಾರಣಕ್ಕೆ. ಒಂದು ಮಾತು ನೆನಪಿರಲಿ: ಇದರಿಂದ ಕನ್ನಡಕ ಬರುವುದು ತಪ್ಪಬಹುದು ಇಲ್ಲವೇ ತಡವಾಗಬಹುದು. ಈಗಾಗಲೇ ಬಂದ ಪವರ್ ಇಳಿಯುವುದಿಲ್ಲ.

ಟ್ಯೂಬ್‌ಲೈಟ್ ಹಾಕಿದ ನಮ್ಮ ಹಾಲಿನಲ್ಲಿ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ಹೊರಗೆ ಹೊಂಗೆ ಮರದ ನೆರಳಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಅದು ಲಕ್ಷ ಮುಟ್ಟುತ್ತದೆ. ಅಂದರೆ ನೆರಳಲ್ಲಿ ಆಡಿದರೂ ಕಣ್ಣಿಗೆ ಸಿಗಬೇಕಾದ್ದು ಸಿಗುತ್ತದೆ.

ವಿಟಮಿನ್ ಡಿ ವಿಷಯ ಹಾಗಲ್ಲ. "ಎಳೆ ಬಿಸಿಲು ಒಳ್ಳೆಯದು, ಸಂಜೆ ಬಿಸಿಲು ಒಳ್ಳೆಯದು" ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆದರೆ ಚರ್ಮದಲ್ಲಿ ವಿಟಮಿನ್ ಡಿ ಮಾಡುವ ಕಿರಣ ನೆಲ ಮುಟ್ಟುವುದು ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಆ ಕಿರಣ ಕಿಟಕಿ ಗಾಜು ದಾಟಿ ಬರುವುದಿಲ್ಲ. ಹಾಗಾಗಿ ಸಂಜೆಯ ಆಟದಿಂದ ವಿಟಮಿನ್ ಡಿ ತುಂಬಾ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಶನಿವಾರ, ಭಾನುವಾರ ಹತ್ತೂವರೆ ಹೊತ್ತಿಗೆ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಕಣ್ಣಿಗೆ ಬೆಳಕು ಬೇಕು, ಚರ್ಮಕ್ಕೆ ಬಿಸಿಲು ಬೇಕು. ಎರಡೂ ಒಂದೇ ಅಲ್ಲ.

ಎಷ್ಟು ಹೊತ್ತು ಆಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ. 3-4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಓಡಿ, ನೆಗೆದು, ಏದುಸಿರು ಬಿಡುವಂಥದ್ದಾಗಿರಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಅಂಥ ಜೋರು ಓಡಾಟ ಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ-ಸ್ನಾಯು ಗಟ್ಟಿ ಮಾಡುವ ಚಟುವಟಿಕೆ ಬೇಕು. ಕುಂಟುವುದು, ಹಾರುವುದು, ಹತ್ತುವುದು ಎಲ್ಲ ಇದರಲ್ಲೇ ಬರುತ್ತದೆ.

ಹೆಜ್ಜೆ 1: ಜಾಗ ಹುಡುಕಿ

ನಡೆದು ಹತ್ತು ನಿಮಿಷದಲ್ಲಿ ತಲುಪುವ ಜಾಗ ಮಾತ್ರ ಲೆಕ್ಕಕ್ಕೆ. ಕಾರಿನಲ್ಲಿ ಹೋಗಬೇಕಾದ ಪಾರ್ಕ್ ಭಾನುವಾರಕ್ಕೆ ಸರಿ, ಮಂಗಳವಾರಕ್ಕಲ್ಲ.

ಮೊದಲ ದಿನ ಮಗುವನ್ನು ಬಿಟ್ಟು ನೀವೊಬ್ಬರೇ ಹೋಗಿ. ಮಗು ಆಡುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಶಾಂತವಾಗಿರುವ ಕ್ರಾಸು ಸಂಜೆ ಐದಕ್ಕೆ ಆಟೋಗಳ ಅಡ್ಡದಾರಿ ಆಗಿರುತ್ತದೆ. ಪಾರ್ಕ್ ಗೇಟಿನ ಬೋರ್ಡಿನಲ್ಲಿ ಸಮಯ ನೋಡಿಕೊಳ್ಳಿ. ಎಲ್ಲ ಪಾರ್ಕಿಗೂ ಒಂದೇ ಸಮಯ ಇರುವುದಿಲ್ಲ.

ಏನು ನೋಡಬೇಕು? ನಮ್ಮೂರಿನ ಅಪಾಯಗಳೇ ಬೇರೆ. ಸಂಪಿನ ಮುಚ್ಚಳ ಮೊದಲು. ಮನೆ ಮುಂದಿನ ಸಂಪು, ಪಕ್ಕದ ಮನೆ ಸಂಪು, ಕಟ್ಟುತ್ತಿರುವ ಕಟ್ಟಡದ ಸಂಪು, ಎಲ್ಲದಕ್ಕೂ ಗಟ್ಟಿ ಮುಚ್ಚಳ ಇದೆಯಾ, ಬೀಗ ಇದೆಯಾ ನೋಡಿ. ತೆಳು ತಗಡಿನ ಮುಚ್ಚಳದ ಮೇಲೆ ಮಗು ಹತ್ತಿ ಕುಣಿದರೆ ಮುಗಿಯಿತು. ಆಮೇಲೆ ಚರಂಡಿಯ ಚಪ್ಪಡಿ. ಬಿರುಕು ಬಿಟ್ಟಿದೆಯಾ, ಒಂದು ತುದಿ ಎದ್ದಿದೆಯಾ? ಕಾಲಲ್ಲಿ ಒತ್ತಿ ನೋಡಿ. ಟ್ರಾನ್ಸ್‌ಫಾರ್ಮರ್ ಪಕ್ಕ ಆಟ ಬೇಡವೇ ಬೇಡ, ಬಾಲ್ ಅದರ ಬೇಲಿಯೊಳಗೆ ಬಿದ್ದರೆ ಬಿಟ್ಟುಬಿಡಬೇಕು ಅಂತ ಮೊದಲ ದಿನವೇ ಹೇಳಿಬಿಡಿ. ಮರದಿಂದ ನೇತಾಡುವ ತಂತಿ ಕಂಡರೆ ಅದು ಬರೀ ಇಂಟರ್‌ನೆಟ್ ಕೇಬಲ್ ಅಂತ ಊಹಿಸಬೇಡಿ. ಬೆಸ್ಕಾಂಗೆ 1912ಕ್ಕೆ ಫೋನ್ ಮಾಡಿ.

ಖಾಲಿ ಸೈಟು ನೋಡಿದರೆ ಆಸೆಯಾಗುತ್ತದೆ. ಆದರೆ ಅಲ್ಲಿ ಗಾಜಿನ ಚೂರು, ಕಸ ಜಾಸ್ತಿ. ಮೊಣಕಾಲೆತ್ತರ ಬೆಳೆದು, ಬಿಳಿ ಬಿಳಿ ಚುಕ್ಕೆ ಹೂ ಬಿಟ್ಟಿರುವ ಕಾಂಗ್ರೆಸ್ ಗಿಡ ಅಲ್ಲಿದ್ದರೆ ದೂರ ಇರಿ. ಕೆಲವು ಮಕ್ಕಳಿಗೆ ಅದು ತಾಗಿದರೆ ಮೈ ಕೆರೆತ, ಅದರ ಪರಾಗದಿಂದ ಸೀನು, ಉಬ್ಬಸ ಶುರುವಾಗುತ್ತದೆ.

ಪಾರ್ಕಿಲ್ಲದವರು ಏನು ಮಾಡಬೇಕು? ಕೊನೆ ಮುಚ್ಚಿದ ಕ್ರಾಸು ಚಿನ್ನ. ಬಸವನಗುಡಿ, ಮಲ್ಲೇಶ್ವರದಂಥ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳಿವೆ, ಗುಡಿಸಿ ಇಟ್ಟಿದ್ದರೆ ಕುಂಟೆಬಿಲ್ಲೆಗೆ ಅದಕ್ಕಿಂತ ಒಳ್ಳೆ ಜಾಗವಿಲ್ಲ. ದೇವಸ್ಥಾನದ ಅಂಗಳವೂ ಆದೀತು, ಅರ್ಚಕರನ್ನು ಒಂದು ಮಾತು ಕೇಳಿ. ಟೆರೇಸ್ ಆದರೆ ಪ್ಯಾರಪೆಟ್ ಗೋಡೆ ಮಗುವಿನ ಎದೆಮಟ್ಟಕ್ಕಿಂತ ಎತ್ತರ ಇರಬೇಕು, ಗೋಡೆ ಪಕ್ಕ ಹೂಕುಂಡ, ಮುರಿದ ಕುರ್ಚಿ, ಸಿಂಟೆಕ್ಸ್ ಟ್ಯಾಂಕಿನ ಏಣಿ ಏನೂ ಇರಬಾರದು, ದೊಡ್ಡವರೊಬ್ಬರು ಅಲ್ಲೇ ಇರಬೇಕು. ಅಪಾರ್ಟ್‌ಮೆಂಟಿನ ಸೆಲ್ಲಾರ್ ಮಾತ್ರ ನನಗೆ ಇಷ್ಟವಿಲ್ಲ. ಬೆಳಕು ಇಲ್ಲ, ಹೊಗೆ ಇದೆ, ಹಿಂದಕ್ಕೆ ತೆಗೆಯುವ ಕಾರಿನವರಿಗೆ ಪುಟ್ಟ ಮಗು ಕಾಣುವುದೇ ಇಲ್ಲ.

ಹೆಜ್ಜೆ 2: ಹೊತ್ತು ಗೊತ್ತುಮಾಡಿ

"ಟೈಮ್ ಸಿಕ್ಕಾಗ ಹೋಗೋಣ" ಅಂದರೆ ಟೈಮ್ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ವ್ಯಾನು ನಾಲ್ಕೂಕಾಲಿಗೆ ಬರುತ್ತದೆ. ಬಂದು, ಕೈಕಾಲು ತೊಳೆದು, ಒಂದು ಬಾಳೆಹಣ್ಣೋ ಅವಲಕ್ಕಿಯೋ ತಿಂದು, ನಾಲ್ಕು ಮುಕ್ಕಾಲಿಗೆ ಹೊರಗೆ. ಆರಕ್ಕೆ ವಾಪಸ್. ಹೋಂವರ್ಕ್ ಆಮೇಲೆ. ಇದನ್ನು ಉಲ್ಟಾ ಮಾಡಿ ನೋಡಿದೆವು, ಹೋಂವರ್ಕ್ ಮುಗಿಸಿ ಆಡಲು ಹೋಗು ಅಂದೆವು. ಹೋಂವರ್ಕ್ ಏಳಕ್ಕೆ ಮುಗಿಯಿತು, ಕತ್ತಲಾಗಿತ್ತು, ಇಬ್ಬರೂ ಅತ್ತೆವು.

ಟಿವಿ, ಮೊಬೈಲು ಆನ್ ಆಗುವ ಮೊದಲೇ ಚಪ್ಪಲಿ ಹಾಕಿಸಿ. ಒಮ್ಮೆ ಆನ್ ಆದಮೇಲೆ ಎಬ್ಬಿಸುವುದು ಯಾರಿಂದಲೂ ಸಾಧ್ಯವಿಲ್ಲ.

ಬೆಳಕಿನ ಲೆಕ್ಕವೂ ಇರಲಿ. ಜೂನ್‌ನಲ್ಲಿ ಆರೂಮುಕ್ಕಾಲರ ತನಕ ಸೂರ್ಯ ಇರುತ್ತಾನೆ. ನವೆಂಬರಿನಲ್ಲಿ ಆರಕ್ಕೆ ಮೊದಲೇ ಮುಳುಗುತ್ತಾನೆ. ಆಗ ಅರ್ಧ ಗಂಟೆ ಬೇಗ ಹೊರಡಬೇಕು. ಆಗದಿದ್ದರೆ ಬೆಳಿಗ್ಗೆ ಸ್ಕೂಲ್ ವ್ಯಾನು ಬರುವ ಕಾಲು ಗಂಟೆ ಮೊದಲೇ ಕೆಳಗಿಳಿದು ಜೂಟಾಟ ಆಡಲಿ. ಯೂನಿಫಾರ್ಮ್ ಸ್ವಲ್ಪ ಕೊಳೆಯಾಗುತ್ತದೆ. ಆಗಲಿ ಬಿಡಿ.

ಪರೀಕ್ಷೆ ಬಂದಾಗ ಎಲ್ಲರೂ ಮೊದಲು ಕತ್ತರಿಸುವುದು ಆಟವನ್ನು. ನಾನು ಕತ್ತರಿಸುವುದಿಲ್ಲ. ಆಡಿ ಬಂದ ದಿನ ಅವಳು ಒಂಬತ್ತೂವರೆಗೆ ಮಲಗುತ್ತಾಳೆ. ಆಡದ ದಿನ ಹನ್ನೊಂದಾದರೂ ಹಾಸಿಗೆಯಲ್ಲಿ ಹೊರಳಾಡುತ್ತಾಳೆ.

ಹೆಜ್ಜೆ 3: ಜೊತೆ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟ. ಒಂಟಿ ಮಗುವಿಗೆ ಎಂಥಾ ಪಾರ್ಕಿದ್ದರೂ ಇಪ್ಪತ್ತು ನಿಮಿಷಕ್ಕೆ ಬೇಜಾರು. ಇನ್ನಿಬ್ಬರು ಮಕ್ಕಳಿದ್ದರೆ ಬರೀ ಒಂದು ಮರಳಿನ ರಾಶಿ ಸಾಕು.

ನಾನು ಹೀಗೆ ಮಾಡಿದೆ. ನಮ್ಮ ಕ್ರಾಸಿನಲ್ಲೇ ವ್ಯಾನು ಹತ್ತುವ ಇನ್ನೆರಡು ಮನೆಯ ಅಮ್ಮಂದಿರ ಹತ್ತಿರ ಮಾತಾಡಿದೆ. ಮೂರು ಮನೆ, ಐದು ದಿನ. ಸೋಮವಾರ, ಗುರುವಾರ ನನ್ನ ಪಾಳಿ. ಮಂಗಳವಾರ, ಶುಕ್ರವಾರ ಮೊದಲ ಮಹಡಿಯವರ ಪಾಳಿ. ಬುಧವಾರ ಎದುರು ಮನೆಯ ತಾತನದು. ಯಾರ ಪಾಳಿಯೋ ಅವರು ಎಲ್ಲ ಮಕ್ಕಳನ್ನೂ ಕರೆದುಕೊಂಡು ಹೋಗಿ, ಎಲ್ಲರನ್ನೂ ಮನೆ ಮುಟ್ಟಿಸಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೂ ಇದು ಹೊಂದುತ್ತದೆ, ಯಾಕೆಂದರೆ ವಾರಕ್ಕೆ ಒಂದೋ ಎರಡೋ ದಿನ ಬೇಗ ಬಂದರೆ ಸಾಕು. ವಾಟ್ಸಾಪ್ ಗುಂಪು ಮಾಡಿದ್ದೇವೆ. ಅದರಲ್ಲಿ ಗುಡ್ ಮಾರ್ನಿಂಗ್ ಹಾಕಬಾರದು ಅನ್ನುವುದೊಂದೇ ನಿಯಮ.

ಎರಡು ವಾರ ಮೂರೇ ಮಕ್ಕಳಿದ್ದರು. ಆಮೇಲೆ ಐದು. ಸದ್ದು ಕೇಳಿ ಬಾಲ್ಕನಿಯಿಂದ ಇಣುಕಿದವರು ಒಬ್ಬೊಬ್ಬರೇ ಇಳಿದು ಬಂದರು. ಪಕ್ಕದ ಕಟ್ಟಡದ ವಾಚ್‌ಮನ್ ಮಗ ಬಂದಮೇಲೆ ಆಟದ ಕಳೆಯೇ ಬದಲಾಯಿತು. ಬುಗುರಿ ಆಡಿಸುವುದು, ಮರ ಹತ್ತುವುದು ಎಲ್ಲ ಗೊತ್ತಿರುವವನು ಅವನೊಬ್ಬನೇ. ಅವನನ್ನು ಸೇರಿಸಿಕೊಳ್ಳಬೇಕಾ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮಕ್ಕಳು ಆಗಲೇ ಅವನನ್ನು ಕ್ಯಾಪ್ಟನ್ ಮಾಡಿಯಾಗಿತ್ತು.

ತಮ್ಮ-ತಂಗಿಯರನ್ನು ಕರೆತರಬೇಡ ಅಂತ ದೊಡ್ಡ ಮಕ್ಕಳು ಹಟ ಹಿಡಿದರೆ ನಮ್ಮ ಹಳೇ ಉಪಾಯ ಇದ್ದೇ ಇದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪುಟ್ಟದು ಓಡುತ್ತದೆ, ಕೂಗುತ್ತದೆ, ಔಟ್ ಆಗುವುದೇ ಇಲ್ಲ. ಯಾರಿಗೂ ನಷ್ಟವಿಲ್ಲ.

ಹೆಜ್ಜೆ 4: ಚೀಲ

ಒಂದು ಬಟ್ಟೆ ಚೀಲ ಬಾಗಿಲ ಹಿಂದೆ ನೇತುಹಾಕಿ. ನೀರಿನ ಬಾಟಲಿ, ಹಳೇ ಟೆನಿಸ್ ಬಾಲ್, ಸೀಮೆಸುಣ್ಣ, ಒಂದು ಹಗ್ಗ, ಹಳೇ ಟವೆಲ್, ಬ್ಯಾಂಡೇಜ್. ಅಷ್ಟೇ. ಬಟ್ಟೆ ಹಳೇದು, ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಇಲ್ಲವೇ ಶೂ. ಹವಾಯಿಯಲ್ಲಿ ಓಡಿದರೆ ಮುಗ್ಗರಿಸುತ್ತಾರೆ. ಕುತ್ತಿಗೆಯಲ್ಲಿ ಸರ, ದಾರ, ದುಪಟ್ಟಾ ಇದ್ದರೆ ತೆಗೆಸಿ, ಜೋಕಾಲಿಗೋ ಜಾರುಬಂಡೆಗೋ ಸಿಕ್ಕಿಕೊಳ್ಳುತ್ತದೆ. ದುಬಾರಿ ಆಟಿಕೆ ತರಬೇಡಿ. ಅದು ಯಾರದು, ಯಾರು ಮುರಿದರು ಅನ್ನುವುದರಲ್ಲೇ ಸಂಜೆ ಕಳೆಯುತ್ತದೆ.

ಹೆಜ್ಜೆ 5: ಒಂದೆರಡು ಆಟದ ಬೀಜ ಹಾಕಿ

ಕೆಲವು ಮಕ್ಕಳಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಿರುವುದಿಲ್ಲ. ನನ್ನ ಮಗಳ ಹಾಗೆ. ಮೊದಲ ವಾರ ನೀವೂ ಇಳಿಯಬೇಕಾಗುತ್ತದೆ. ನನಗೆ ಕೈ ಹಿಡಿದ ಆಟಗಳು ಮೂರು.

ಕೆರೆ-ದಡ. ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಒಂದು ಬದಿ ಕೆರೆ, ಇನ್ನೊಂದು ಬದಿ ದಡ. ನೀವು "ಕೆರೆ" ಅಂದರೆ ಕೆರೆಗೆ ಹಾರಬೇಕು, "ದಡ" ಅಂದರೆ ದಡಕ್ಕೆ. ಬೇಗ ಬೇಗ ಹೇಳಿ, ನಡುವೆ ಮೋಸ ಮಾಡಿ. ದಡದಲ್ಲೇ ನಿಂತಿರುವಾಗ ಮತ್ತೆ "ದಡ" ಅನ್ನಿ. ಅರ್ಧ ಮಕ್ಕಳು ಕೆರೆಗೆ ಹಾರಿಬಿಡುತ್ತಾರೆ. ಮೈ ಮುಂದಕ್ಕೆ ಹೋಗಿರುತ್ತದೆ, ತಲೆ "ತಡಿ" ಅನ್ನುತ್ತಿರುತ್ತದೆ, ತುದಿಗಾಲಲ್ಲಿ ತೂಗಾಡುತ್ತಾ ನಿಂತ ಮಗುವಿನ ಮುಖ ನೋಡಬೇಕು ಆಗ. ಕೇಳುವುದು, ತಡೆದುಕೊಳ್ಳುವುದು, ಆಮೇಲೆ ಹಾರುವುದು. ಕ್ಲಾಸಿನಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಕೂಗದೆ ಕೂರಲು ಬೇಕಾಗುವುದೂ ಇದೇ ತಡೆ. ಗೆರೆ ಎಳೆಯಲು ನಾಲ್ಕಡಿ ಜಾಗ ಸಾಕು.

ಕುಂಟೆಬಿಲ್ಲೆ. ಸೀಮೆಸುಣ್ಣದಲ್ಲಿ ಎಂಟು ಮನೆ ಬರೆಯಿರಿ. ಬಿಲ್ಲೆಗೆ ಹಳೇ ಮಂಗಳೂರು ಹೆಂಚಿನ ಚೂರು ಸಿಕ್ಕರೆ ಅದೇ ಶ್ರೇಷ್ಠ, ಜಾರುವುದೂ ಇಲ್ಲ, ಪುಟಿಯುವುದೂ ಇಲ್ಲ. ಮಾರ್ಬಲ್ ಚೂರು ಜಾರಿ ಓಡುತ್ತದೆ. ಒಂಟಿಕಾಲಲ್ಲಿ ಕುಂಟುತ್ತಾ, ಗೆರೆ ತುಳಿಯದೆ, ಬಗ್ಗಿ ಬಿಲ್ಲೆ ಎತ್ತಿಕೊಂಡು ಬರಬೇಕು. ಬಗ್ಗುವ ಆ ಒಂದು ಕ್ಷಣ ನೋಡಿ: ಇಡೀ ಮೈಭಾರ ಒಂದು ಪಾದದ ಮೇಲೆ, ಎರಡೂ ಕೈ ಗಾಳಿಯಲ್ಲಿ. ಸಮತೋಲನಕ್ಕೆ, ಕಾಲ ಮೂಳೆಗೆ ಇದಕ್ಕಿಂತ ಒಳ್ಳೆ ಕಸರತ್ತು ದುಡ್ಡು ಕೊಟ್ಟರೂ ಸಿಗದು. ಮೊದಲ ದಿನ ಮಗಳು ಮೂರನೇ ಮನೆಯಲ್ಲೇ ಕಾಲೂರಿದಳು. ತಿಂಗಳಾದಮೇಲೆ ನಾನು ಐದರಲ್ಲಿ ಔಟ್, ಅವಳು ಗೆದ್ದು ಎರಡು ಮನೆ ಕಟ್ಟಿಕೊಂಡಿದ್ದಳು.

ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಬಾಲು, ಎರಡು ಗುಂಪು. ಒಂದು ಗುಂಪು ಬಾಲಿನಿಂದ ಕಲ್ಲು ಬೀಳಿಸಿ ಮತ್ತೆ ಜೋಡಿಸಬೇಕು, ಅಷ್ಟರಲ್ಲಿ ಇನ್ನೊಂದು ಗುಂಪು ಬಾಲಿನಿಂದ ಹೊಡೆದು ಔಟ್ ಮಾಡಬೇಕು. ಬೆಂಗಳೂರಿನಲ್ಲಿ ಎಲ್ಲೋ ಒಂದು ಕಡೆ ಮನೆ ಕಟ್ಟುತ್ತಲೇ ಇರುತ್ತಾರೆ, ಹಾಗಾಗಿ ಕಲ್ಲಿಗೆ ಬರವಿಲ್ಲ. ಆದರೆ ಟೈಲ್ಸ್ ಚೂರು ಬೇಡ, ಅಂಚು ಬ್ಲೇಡಿನ ಹಾಗೆ ಇರುತ್ತದೆ. ಬಡಗಿಯವರ ಹತ್ತಿರ ಕೇಳಿ ಮರದ ತುಂಡು ತಂದರೆ ಇನ್ನೂ ಒಳ್ಳೆಯದು. ಭುಜಕ್ಕಿಂತ ಮೇಲೆ ಹೊಡೆಯಬಾರದು ಅನ್ನುವ ನಿಯಮ ಮೊದಲೇ ಇರಲಿ.

ಕಣ್ಣಾಮುಚ್ಚಾಲೆ, ಮರಕೋತಿ, ಕಲ್ಲಾ-ಮಣ್ಣಾ ಇವೆಲ್ಲ ತಾವಾಗಿಯೇ ಬರುತ್ತವೆ. ನಿಮ್ಮ ಅಮ್ಮನನ್ನು ಒಂದು ದಿನ ಪಾರ್ಕಿಗೆ ಕರೆತನ್ನಿ. ನಿಮಗೆ ಮರೆತುಹೋಗಿದ್ದೆಲ್ಲ ಅವರಿಗೆ ನೆನಪಿರುತ್ತದೆ.

ಹೆಜ್ಜೆ 6: ಬಾಯಿ ಮುಚ್ಚಿಕೊಂಡು ಕೂರಿ

ನನಗೆ ಇದನ್ನು ಕಲಿಯಲು ಆರು ತಿಂಗಳು ಹಿಡಿಯಿತು.

ಒಂದು ಸಂಜೆ ಲಗೋರಿ ಜಗಳಕ್ಕೆ ತಿರುಗಿತು. "ಆರೇ ಕಲ್ಲು ಇಟ್ಟಿದ್ದು!" "ಏಳು! ನಾನೇ ಎಣಿಸಿದ್ದೀನಿ!" ಒಬ್ಬ ಬಾಲ್ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟ. ಇನ್ನೊಬ್ಬಳು ಟೂ ಬಿಟ್ಟಳು. ನಾನು ಬೆಂಚಿನಿಂದ ಏಳಲು ಹೋದೆ. ಆ ದಿನ ಪಾಳಿ ನನ್ನದಲ್ಲ, ಸುಮ್ನೆ ಬಂದಿದ್ದೆ. ಪಾಳಿಯ ತಾತ ಕೈ ಅಡ್ಡ ಹಿಡಿದು, "ಕೂತ್ಕೊಳ್ಳಮ್ಮಾ" ಅಂದರು. ಕೂತೆ. ಐದು ನಿಮಿಷ ಬರೀ ಕೂಗಾಟ. ಆಮೇಲೆ ನನ್ನ ಮಗಳೇ ಕಲ್ಲುಗಳನ್ನೆಲ್ಲ ಕೆಳಗಿಳಿಸಿ ಒಂದೊಂದಾಗಿ ಎಣಿಸಿದಳು. ಆರು. ಏಳನೆಯದು ಬಾಲ್ ಹಿಡಿದುಕೊಂಡಿದ್ದವನ ಕಾಲ ಕೆಳಗೇ ಇತ್ತು. ಅವನೇ ಮೊದಲು ನಕ್ಕ. ಆಟ ಮತ್ತೆ ಶುರುವಾಯಿತು.

ನಾನು ಹೋಗಿ ತೀರ್ಪು ಕೊಟ್ಟಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು, ಮತ್ತು ಮರುದಿನವೂ ನಾನೇ ಹೋಗಬೇಕಾಗುತ್ತಿತ್ತು. ಯಾವಾಗ ಏಳಬೇಕು ಅಂದರೆ ಕಲ್ಲು, ಕೋಲು ಎತ್ತಿದಾಗ, ಒಬ್ಬನನ್ನೇ ಎಲ್ಲರೂ ಸೇರಿ ಗೋಳು ಹೊಯ್ದುಕೊಂಡಾಗ, ಯಾರಾದರೂ ರಸ್ತೆ ಕಡೆ ಓಡಿದಾಗ. ಉಳಿದದ್ದಕ್ಕೆ ಬೆಂಚೇ ಸರಿ.

ಮಗು ಹತ್ತುವಾಗ "ಹುಷಾರು, ಹುಷಾರು, ಬೀಳ್ತೀಯಾ" ಅಂತ ಕೂಗಬೇಡಿ. ಅದು ಮಗುವಿಗೆ ಭಯ ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ. "ಎಡಗಾಲು ಎಲ್ಲಿಡ್ತೀಯಾ?", "ಆ ಕೊಂಬೆ ಅಲ್ಲಾಡಿಸಿ ನೋಡು" ಅಂತ ಹೇಳಿ. ಮರಕ್ಕೆ ನೀವೇ ಎತ್ತಿ ಕೂರಿಸಬೇಡಿ. ತಾನೇ ಹತ್ತಿದ ಎತ್ತರದಿಂದ ಇಳಿಯುವುದು ಮಗುವಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ನೀವು ಕೂರಿಸಿದ ಎತ್ತರದಿಂದ ಗೊತ್ತಿರುವುದಿಲ್ಲ.

ಹೆಜ್ಜೆ 7: ವಯಸ್ಸು ನೋಡಿ ಹಗ್ಗ ಸಡಿಲಿಸಿ

ಮೂರು ವರ್ಷದೊಳಗಿನವರಿಗೆ ಮಣ್ಣು, ನೀರು, ಒಂದು ಚಮಚ, ಒಂದು ಲೋಟ. ಕೈಯಳತೆಯಲ್ಲೇ ನೀವಿರಬೇಕು. ಬಾಯಿಗೆ ಹಾಕಿಕೊಳ್ಳುತ್ತವೆ, ಮನೆಗೆ ಬಂದಮೇಲೆ ಸೋಪು ಹಾಕಿ ಕೈ ತೊಳೆಸಿ. 4-6ಕ್ಕೆ ಓಡುವುದು, ಹಾರುವುದು, ಅಂಗಡಿ ಆಟ, ಎಲೆಯ ಅಡುಗೆ. 7-9ಕ್ಕೆ ನಿಯಮದ ಆಟ, ನೀವು ಬೆಂಚಿನಲ್ಲಿ. ಹತ್ತು ದಾಟಿದಮೇಲೆ ಗುಂಪಿನಲ್ಲಿ ತಾವೇ ಹೋಗಿ ಬರಲಿ. ಆದರೆ ಅದಕ್ಕೆ ಮೊದಲು ಒಂದು ವಾರ ನೀವು ಹತ್ತು ಹೆಜ್ಜೆ ಹಿಂದೆ ನಡೆದು, ರಸ್ತೆ ದಾಟುವುದನ್ನು ನೋಡಿ. ನಿಮ್ಮ ಫೋನ್ ನಂಬರ್ ಬಾಯಿಪಾಠ ಇರಬೇಕು. ಯಾರು ಕರೆದರೂ, ಗೊತ್ತಿರುವವರೇ ಕರೆದರೂ, ಗುಂಪಿಗೆ ಹೇಳದೆ ಹೋಗಬಾರದು. ಮಕ್ಕಳ ಸಹಾಯವಾಣಿ 1098 ಅನ್ನೂ ಕಲಿಸಿಡಿ.

ಒಂದು ವಿಷಯ ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಹತ್ತು-ಹನ್ನೊಂದಕ್ಕೆ ಹುಡುಗಿಯರು ಒಬ್ಬೊಬ್ಬರೇ ಮೈದಾನದಿಂದ ಮಾಯವಾಗುತ್ತಾರೆ. "ದೊಡ್ಡವಳಾದಳು, ಇನ್ನೇನು ಆಟ" ಅನ್ನುತ್ತಾರೆ. ಹುಡುಗರು ಹದಿನೈದರ ತನಕ ಕ್ರಿಕೆಟ್ ಆಡುತ್ತಲೇ ಇರುತ್ತಾರೆ. ಮೂಳೆ ಗಟ್ಟಿಯಾಗುವ ವಯಸ್ಸೇ ಅದು, ಹುಡುಗಿಯರಿಗೂ. ನಾಲ್ಕು ಮನೆಯವರು ಮಾತಾಡಿಕೊಂಡು ನಾಲ್ವರನ್ನೂ ಒಟ್ಟಿಗೆ ಕಳಿಸಿ. ಒಬ್ಬಳು ನಿಂತರೆ ಉಳಿದವರೂ ನಿಲ್ಲುತ್ತಾರೆ, ಒಬ್ಬಳು ಬಂದರೆ ಉಳಿದವರೂ ಬರುತ್ತಾರೆ.

ಹೆಜ್ಜೆ 8: ಬಿಸಿಲು, ಮಳೆ, ಸೊಳ್ಳೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿರುವುದರಿಂದ ಬಿಸಿಲು ಚುರುಕಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಮಾರ್ಚ್-ಏಪ್ರಿಲಿನಲ್ಲಿ ಕಬ್ಬಿಣದ ಜಾರುಬಂಡೆಯನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ. ನಿಮ್ಮ ಕೈ ಸುಟ್ಟರೆ ಮಗುವಿನ ತೊಡೆಯೂ ಸುಡುತ್ತದೆ.

ಏಪ್ರಿಲ್-ಮೇ ಸಂಜೆಯ ಮಳೆ ಗುಡುಗು, ಗಾಳಿ ಹೊತ್ತೇ ಬರುತ್ತದೆ. ಗುಡುಗು ಕೇಳಿಸಿದರೆ ಆಟ ಮುಗಿಯಿತು, ಒಳಗೆ. ಮರದ ಕೆಳಗೆ ನಿಲ್ಲುವುದು ಬೇಡ. ಸಿಡಿಲಿನ ಭಯ ಒಂದು, ಮುರಿದು ಬೀಳುವ ಕೊಂಬೆಯ ಭಯ ಇನ್ನೊಂದು. ಕೊನೆಯ ಗುಡುಗಾಗಿ ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ. ಸುಮ್ನೆ ಜಿನುಗುವ ಮಳೆಗೆ ಮನೆಯಲ್ಲಿ ಕೂರಬೇಡಿ, ನೆನೆದರೆ ನೆಗಡಿ ಬರುವುದಿಲ್ಲ, ನೆಗಡಿ ಬರುವುದು ವೈರಸ್‌ನಿಂದ. ಆದರೆ ನಿಂತ ನೀರಿಗೆ ಇಳಿಸಬೇಡಿ. ಲೈಟ್ ಕಂಬದ ಬುಡದ ನೀರಿನಲ್ಲಿ ಕರೆಂಟ್ ಇರಬಹುದು, ರಸ್ತೆ ನೀರಿನ ಕೆಳಗೆ ತೆರೆದ ಮ್ಯಾನ್‌ಹೋಲ್ ಇರಬಹುದು.

ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಸೂರ್ಯ ಮುಳುಗುವ ಮೊದಲು. ಅಂದರೆ ಸರಿಯಾಗಿ ಆಟದ ಹೊತ್ತಿಗೆ. ಮಳೆಗಾಲದಲ್ಲಿ ಉದ್ದ ಪ್ಯಾಂಟು, ತುಂಬುತೋಳು, ಸೊಳ್ಳೆ ಕ್ರೀಮು. ಕ್ರೀಮು ಯಾವ ವಯಸ್ಸಿಗೆ ಅಂತ ಪ್ಯಾಕೆಟ್ ಓದಿಕೊಳ್ಳಿ.

ಹೆಜ್ಜೆ 9: ಬಿದ್ದರೆ, ಕಚ್ಚಿದರೆ

ತರಚು ಗಾಯವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ ಬೇಡ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ತಲೆಗೆ ಪೆಟ್ಟಾದರೆ ಒಂದು ದಿನ ಪೂರ್ತಿ ಕಣ್ಣಿಟ್ಟಿರಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ.

ನಾಯಿ ಕಚ್ಚಿದರೆ, ಪರಚಿದರೂ ಸಹ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಅರಿಸಿನ, ಖಾರದ ಪುಡಿ ಹಚ್ಚುವುದು, ನಾಳೆ ನೋಡೋಣ ಅನ್ನುವುದು ಬೇಡ. ರೇಬೀಸ್ ಲಕ್ಷಣ ಶುರುವಾದಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಮಲಗಿದ, ತಿನ್ನುತ್ತಿರುವ, ಮರಿ ಹಾಕಿದ ನಾಯಿ ಹತ್ತಿರ ಹೋಗಬಾರದು, ನಾಯಿ ಬೊಗಳಿದರೆ ಓಡಬಾರದು, ಮರದ ಹಾಗೆ ನಿಲ್ಲಬೇಕು ಅಂತ ಮನೆಯಲ್ಲೇ ಆಡಿಸಿ ತೋರಿಸಿ.

ಹೆಜ್ಜೆ 10: ಭಾನುವಾರ

ಲಾಲ್‌ಬಾಗಿಗೆ ಹೋದರೆ ಗಾಜಿನ ಮನೆ ಆಮೇಲೆ, ಮೊದಲು ಬಂಡೆ. 300 ಕೋಟಿ ವರ್ಷದಷ್ಟು ಹಳೆಯ ಕಲ್ಲು ಅದು, ತುದಿಯಲ್ಲಿ ಕೆಂಪೇಗೌಡರ ಗೋಪುರ. ಇಳಿಜಾರು ಹದವಾಗಿದೆ. ಮಕ್ಕಳು ಓಡಿ ಹತ್ತುತ್ತಾರೆ, ಕೂತು ಇಳಿಯುತ್ತಾರೆ, ಪ್ಯಾಂಟು ಹರಿಯುತ್ತದೆ. ಬಸವನಗುಡಿಯ ಬ್ಯೂಗಲ್ ರಾಕ್ ಇದರ ಪುಟ್ಟ ತಮ್ಮ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ಗಾಡಿ ಬಿಡುವುದಿಲ್ಲ, ಆ ಅಗಲ ರಸ್ತೆಯಲ್ಲಿ ಮಗು ಸೈಕಲ್ ಕಲಿಯಲಿ. ಪಕ್ಕದಲ್ಲೇ ಬಾಲಭವನ.

ಆಟಿಕೆ ಬೇಡ, ಮರಗಳೇ ಕೊಡುತ್ತವೆ. ಗುಲ್‌ಮೊಹರ್ ಹೂವಿನ ಕೇಸರಗಳನ್ನು ಕೊಕ್ಕೆ ಹಾಕಿ ಎಳೆದು ಯಾರದು ತಲೆ ಉದುರುತ್ತದೆ ನೋಡಬಹುದು. ನೀರುಕಾಯಿ ಮರದ ಮೊಗ್ಗು ಬಿದ್ದಿದ್ದರೆ ತುದಿ ಚಿವುಟಿ ಒತ್ತಿ, ಪಿಚಕಾರಿಯ ಹಾಗೆ ನೀರು ಚಿಮ್ಮುತ್ತದೆ. ಬಿಳಿ ಅಂಗಿಗೆ ಕಲೆಯಾಗುತ್ತದೆ, ನನ್ನ ಗಂಡನನ್ನು ಕೇಳಿ.

ಹೆಜ್ಜೆ 11: ಅಕ್ಕಪಕ್ಕದವರು

ಕೊನೆಗೆ ಅಡ್ಡಿ ಬರುವುದು ಗಾಡಿಯಲ್ಲ, ಮಳೆಯಲ್ಲ, ದೊಡ್ಡವರು. ನಮ್ಮ ಪಾರ್ಕಿನಲ್ಲೂ ಒಂದು ಬೋರ್ಡಿದೆ: "ಇಲ್ಲಿ ಬಾಲ್ ಆಟ ನಿಷೇಧಿಸಲಾಗಿದೆ". ವಾಕಿಂಗಿಗೆ ಬರುವ ಹಿರಿಯರಿಗೆ ಬಾಲ್ ತಾಗುತ್ತದೆ ಅನ್ನುವುದು ದೂರು. ದೂರು ಸುಳ್ಳಲ್ಲ. ಒಬ್ಬರ ಮೊಣಕಾಲಿಗೆ ನಿಜವಾಗಿಯೂ ತಾಗಿತ್ತು.

ಜಗಳಕ್ಕೆ ಹೋಗಬೇಡಿ. ಕರ್ನಾಟಕದಲ್ಲಿ ಪಾರ್ಕ್, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೇ ಇದೆ. ಯಾರಾದರೂ ಮೈದಾನ ನುಂಗಲು ಬಂದಾಗ ಆ ಕಾಯ್ದೆ ಹಿಡಿದು ಹೋಗಿ. ಮೊಣಕಾಲು ನೋವಿನವರ ಹತ್ತಿರ ಕಾಯ್ದೆ ಮಾತಾಡಿದರೆ ಕೆಲಸ ಕೆಡುತ್ತದೆ. ನಾವು ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಬಡಾವಣೆ ಸಂಘದ ಹಿರಿಯರ ಮನೆಗೆ ಹೋದೆವು. "ಸಾರ್, ಪೂರ್ತಿ ಪಾರ್ಕ್ ಬೇಡ. ಹಿಂದಿನ ಮೂಲೆ ಸಾಕು. ನಾಲ್ಕು ಮುಕ್ಕಾಲರಿಂದ ಆರು. ಮೆತ್ತನೆ ಬಾಲ್ ಮಾತ್ರ. ವಾಕಿಂಗ್ ಟ್ರ್ಯಾಕ್ ಮೇಲೆ ಮಕ್ಕಳು ಬರಲ್ಲ. ಒಬ್ಬರು ದೊಡ್ಡವರು ದಿನಾ ಇರ್ತೀವಿ." ಹೀಗೆ ಜಾಗ, ಹೊತ್ತು, ಬಾಲ್, ಹೊಣೆ ನಾಲ್ಕನ್ನೂ ನಾವೇ ಮೊದಲು ಹೇಳಿದ್ದು ಕೆಲಸ ಮಾಡಿತು. "ಒಂದು ತಿಂಗಳು ನೋಡೋಣಮ್ಮಾ" ಅಂದರು. ಗಾಜು ಒಡೆದರೆ ಮೂರೂ ಮನೆಯವರು ಹಂಚಿಕೊಳ್ಳುತ್ತೇವೆ ಅಂತಲೂ ಬರೆದುಕೊಟ್ಟೆವು. ಇದುವರೆಗೆ ಒಂದೇ ಒಂದು ಒಡೆದಿದೆ, ಅದೂ ನಮ್ಮದೇ ಬಚ್ಚಲುಮನೆಯ ಕಿಟಕಿ.

ಆ ತಿಂಗಳು ಮುಗಿದು ಒಂದೂವರೆ ವರ್ಷವಾಯಿತು. ಬೋರ್ಡು ಇನ್ನೂ ಅಲ್ಲೇ ಇದೆ. ಲಗೋರಿ ಕಲ್ಲುಗಳನ್ನು ಮಕ್ಕಳು ಅದರ ಬುಡದಲ್ಲೇ ಬಚ್ಚಿಡುತ್ತಾರೆ.